ಸ್ನೇರ್ ವೈರ್ ಕಟ್ಟಲು ಯಾವುದು ಸರಿ: ಹುರಿಯೋ, ಪಟ್ಟಿಯೋ, ರಿಬ್ಬನ್ನೋ?

ಸ್ನೇರ್ ಡ್ರಮ್ಮಿನ ನಾದ ಕೆಟ್ಟಿತೆಂದರೆ ಹೆಚ್ಚಿನವರ ಅನುಮಾನ ಮೊದಲು ಡ್ರಮ್ಮಿನ ಬಾಯಿಗೆ ಬಿಗಿದ ಹಾಳೆಯಾದ ಹೆಡ್ಡಿನ ಮೇಲೆ ಹೋಗುತ್ತದೆ, ಅನಂತರ ಅಡಿಯಲ್ಲಿರುವ ತಂತಿಗಳ ಸಾಲಾದ ಸ್ನೇರ್ ವೈರಿನ ಮೇಲೆ. ಎರಡನ್ನೂ ಬದಲಾಯಿಸಿ ಹಣ ಖರ್ಚಾದ ಮೇಲೂ ಅದೇ ಗೊರಗೊರ ಸದ್ದು ಉಳಿದಾಗ, ವೈರನ್ನು ಡ್ರಮ್ಮಿಗೆ ಹಿಡಿದಿಟ್ಟಿರುವ ಗೇಣುದ್ದದ ಹುರಿಯತ್ತ ಕೊನೆಗೆ ಕಣ್ಣು ಹಾಯುತ್ತದೆ. ಎಷ್ಟೋ ಸಲ ದೋಷ ಇರುವುದು ಅಲ್ಲಿಯೇ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಇಡುವ ಹತ್ತಿಯ ಎಳೆ ಕೂದಲೆಳೆಯಷ್ಟು ಸರಿದರೂ ನಾದ ಬದಲಾಗುವುದನ್ನು ಬಲ್ಲವರಿಗೆ, ಇಷ್ಟು ಸಣ್ಣ ವಸ್ತುವಿಗೆ ಇಷ್ಟು ದೊಡ್ಡ ಪಾತ್ರವಿರುವುದು ಆಶ್ಚರ್ಯವೆನಿಸದು.

ಸಾಮಾನ್ಯವಾದ 14 ಇಂಚಿನ ಸ್ನೇರ್ ಡ್ರಮ್ಮನ್ನೇ ತೆಗೆದುಕೊಳ್ಳೋಣ. ಅದರ ಕೆಳಗಿನ ಹೆಡ್ಡಿಗೆ ತಾಗಿಕೊಂಡು, ಹೆಚ್ಚಾಗಿ 20 ಎಳೆಗಳ ಸುರುಳಿ ತಂತಿಯ ಒಂದು ಸಾಲು ಇರುತ್ತದೆ. ಎಲ್ಲ ಎಳೆಗಳ ತುದಿಗಳನ್ನೂ ಎರಡು ಬದಿಯಲ್ಲಿ ಲೋಹದ ತಗಡುಗಳಿಗೆ ಬೆಸೆದಿರುತ್ತಾರೆ. ಒಂದು ತಗಡಿನಿಂದ ಹೊರಟ ಹುರಿ ಡ್ರಮ್ಮಿನ ಒಡಲಾದ ಶೆಲ್ಲಿನ ಒಂದು ಬದಿಯಲ್ಲಿ ಅದನ್ನು ಕಚ್ಚಿ ಹಿಡಿಯುವ ಬಟ್ ಪ್ಲೇಟಿಗೂ, ಇನ್ನೊಂದರಿಂದ ಹೊರಟದ್ದು ಎದುರು ಬದಿಯಲ್ಲಿ ವೈರನ್ನು ಬಿಗಿಯುವ, ಸಡಿಲಿಸುವ ಲಿವರ್ ಇರುವ ಸ್ಟ್ರೈನರಿಗೂ ಸೇರುತ್ತದೆ. ದಾರಿಯಲ್ಲಿ ಅದು ಶೆಲ್ಲಿನ ಅಂಚನ್ನು ಹಾದು ಹೋಗಬೇಕು. ಅಂಚಿನ ಆ ಜಾಗವನ್ನು ತುಸು ತಗ್ಗಾಗಿ ಉಜ್ಜಿರುತ್ತಾರೆ, ಅದಕ್ಕೆ ಸ್ನೇರ್ ಬೆಡ್ ಎನ್ನುತ್ತಾರೆ. ಕೆಳಗಿನ ಹೆಡ್ ಬಹಳ ತೆಳು ಎಂಬುದನ್ನು ಇಲ್ಲಿ ಮರೆಯಬಾರದು. ಮೇಲಿನ ಹೆಡ್ ಸಾಮಾನ್ಯವಾಗಿ 0.25 ಮಿ.ಮೀ. ದಪ್ಪವಿದ್ದರೆ ಕೆಳಗಿನದು ಸುಮಾರು 0.075 ಮಿ.ಮೀ. ಮಾತ್ರ. ಅಂಚಿನಲ್ಲಿ ಯಾವ ವಸ್ತು ಅದನ್ನು ಎಷ್ಟು ಒತ್ತುತ್ತದೆ ಎನ್ನುವುದರ ಮೇಲೆ ವೈರುಗಳು ಹೆಡ್ಡಿನ ಮೇಲೆ ಸಪಾಟಾಗಿ ಮಲಗುತ್ತವೆಯೋ, ತುದಿ ಎತ್ತಿಕೊಂಡು ನಿಲ್ಲುತ್ತವೆಯೋ ಎಂಬುದು ನಿಂತಿದೆ.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ನಿಮ್ಮ ಡ್ರಮ್ಮನ್ನು ಮಗುಚಿ ಹಾಕಿ ನೋಡಿ. ಸ್ಟ್ರೈನರಿನಲ್ಲಿ ಹುರಿ ತೂರಿಸಲು ದುಂಡನೆಯ ತೂತುಗಳಿವೆಯೇ, ಪಟ್ಟಿಯನ್ನು ಅದುಮಿ ಹಿಡಿಯುವ ಅಗಲವಾದ ಕ್ಲ್ಯಾಂಪ್ ಇದೆಯೇ, ಕೆಳಗಿನ ಹೆಡ್ಡನ್ನು ಅದುಮಿ ಹಿಡಿಯುವ ಬಳೆಯಲ್ಲಿ, ಅಂದರೆ ಹೂಪಿನಲ್ಲಿ, ಪಟ್ಟಿ ಹಾಯಲು ಬಿಟ್ಟಿರುವ ಕಿಂಡಿ ಎಷ್ಟು ಅಗಲವಿದೆ, ಸ್ನೇರ್ ಬೆಡ್ ಅಗಲವಾಗಿದೆಯೋ ಕಿರಿದಾಗಿದೆಯೋ ಎಂಬುದನ್ನು ಗುರುತು ಹಾಕಿಕೊಳ್ಳಿ. ಕಿರಿದಾದ ಬೆಡ್ಡಿನಲ್ಲಿ ಅಗಲ ಪಟ್ಟಿಯ ಎರಡೂ ಅಂಚುಗಳು ಏರು ಹತ್ತಿ ಕೂರುತ್ತವೆ. ಅಂಥ ಡ್ರಮ್ಮಿಗೆ ಹುರಿಯೇ ಒಳ್ಳೆಯದು.

ಹುರಿಯ ಗುಣವೆಂದರೆ ಅದು ತಾನಾಗಿ ಸಮನಾಗುತ್ತದೆ. ಒಂದೇ ಹುರಿಯನ್ನು ತಗಡಿನ ಎರಡು ತೂತುಗಳಲ್ಲಿ ಹಾಯಿಸಿ ಎರಡು ತುದಿಗಳನ್ನೂ ಕ್ಲ್ಯಾಂಪಿನೊಳಗೆ ತಂದರೆ, ತಿರುಪು ಬಿಗಿಯುವವರೆಗೂ ಅದು ಆಚೀಚೆ ಜಾರಿ ಎರಡು ಬದಿಯ ಎಳೆತವನ್ನು ಸರಿದೂಗಿಸುತ್ತದೆ. 2ರಿಂದ 3 ಮಿ.ಮೀ. ದಪ್ಪದ, ಜಡೆಯಂತೆ ಹೆಣೆದ ಪಾಲಿಯೆಸ್ಟರ್ ಹುರಿ ಸಾಕು. ಅದಕ್ಕಿಂತ ದಪ್ಪನಾದದ್ದು ಅಂಚಿನಲ್ಲಿ ಹೆಡ್ಡನ್ನು ಒತ್ತಿ ಕುಳಿ ಬೀಳಿಸುತ್ತದೆ. ಇಲ್ಲಿ ನೈಲಾನಿಗೂ ಪಾಲಿಯೆಸ್ಟರಿಗೂ ಇರುವ ವ್ಯತ್ಯಾಸವನ್ನು ಗಮನಿಸಲೇಬೇಕು. ನೈಲಾನ್ ಎಳೆದಷ್ಟೂ ಹಿಗ್ಗುವುದಲ್ಲದೆ ಗಾಳಿಯ ತೇವವನ್ನು ಹೀರಿ ಮತ್ತಷ್ಟು ಉದ್ದವಾಗುತ್ತದೆ. ಪಾಲಿಯೆಸ್ಟರ್ ತೇವವನ್ನು ಹೀರುವುದು ಅತ್ಯಲ್ಪ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬೆಳಿಗ್ಗೆ ಬಿಗಿದ ನೈಲಾನ್ ಹುರಿ ಸಂಜೆಯ ಹೊತ್ತಿಗೆ ಸಡಿಲಾಗುವುದು ಇದೇ ಕಾರಣಕ್ಕೆ.

ಅಂಗಡಿಯಲ್ಲಿ ಎರಡೂ ನೋಡಲು ಒಂದೇ ತರ ಇರುತ್ತವೆ, ಮಾರುವವರಿಗೂ ಹಲವು ಸಲ ಭೇದ ತಿಳಿದಿರುವುದಿಲ್ಲ. ಹಾಗಾಗಿ ನಾನು ಮನೆಯಲ್ಲಿ ಒಂದು ಪರೀಕ್ಷೆ ಮಾಡುತ್ತೇನೆ. ಹುರಿಯ ತುಂಡೊಂದರ ಮೇಲೆ 20 ಸೆಂ.ಮೀ. ಅಂತರಕ್ಕೆ ಪೆನ್ನಿನಿಂದ ಎರಡು ಗುರುತು ಹಾಕಿ, ಒಂದೆರಡು ತಾಸು ನೀರಿನಲ್ಲಿ ನೆನೆಸಿ, ಒಂದು ಲೀಟರ್ ನೀರು ತುಂಬಿದ ಬಾಟಲಿಯನ್ನು ಅದಕ್ಕೆ ಕಟ್ಟಿ ಬಾಗಿಲ ಮೊಳೆಗೆ ರಾತ್ರಿಯಿಡೀ ತೂಗುಬಿಡುತ್ತೇನೆ. ಬೆಳಿಗ್ಗೆ ಬಾಟಲಿ ತೂಗುತ್ತಿರುವಾಗಲೇ ಗುರುತುಗಳ ನಡುವೆ ಅಳೆಯುತ್ತೇನೆ. ಎದ್ದು ಕಾಣುವಷ್ಟು ಉದ್ದವಾಗಿದ್ದರೆ ಆ ಹುರಿ ಬಟ್ಟೆ ಒಣಗಿಸುವುದಕ್ಕೆ ಹೋಗುತ್ತದೆ, ಡ್ರಮ್ಮಿಗೆ ಬರುವುದಿಲ್ಲ.

ಹುರಿಯ ಶತ್ರು ಲೋಹದ ಚೂಪು ಅಂಚು. ಒಮ್ಮೆ ಗಣೇಶೋತ್ಸವದ ವೇದಿಕೆಯಲ್ಲಿ ಎರಡನೆಯ ಹಾಡಿನ ನಡುವೆಯೇ ನನ್ನ ಡ್ರಮ್ಮಿನ ಹುರಿ ತುಂಡಾಯಿತು. ಛರ್ ಎನ್ನಬೇಕಾದ ಸ್ನೇರ್ ದಮ್ ಎನ್ನತೊಡಗಿತು, ಉಳಿದ ಹಾಡುಗಳನ್ನು ಹಾಗೆಯೇ ನುಡಿಸಿ ಮುಗಿಸಬೇಕಾಯಿತು. ಮನೆಗೆ ಬಂದು ನೋಡಿದಾಗ ಹುರಿಯ ತುದಿ ಬ್ಲೇಡಿನಿಂದ ಕೊಯ್ದಂತೆ ಅರ್ಧ ನೇರವಾಗಿಯೂ, ಇನ್ನರ್ಧ ನೂಲು ನೂಲಾಗಿಯೂ ಬಿಚ್ಚಿಕೊಂಡಿತ್ತು. ಬಟ್ ಪ್ಲೇಟಿನ ತೂತಿನೊಳಗೆ ಉಗುರು ಆಡಿಸಿದರೆ, ಕೊರೆದಾಗ ಉಳಿದುಹೋದ ಲೋಹದ ಮುಳ್ಳು ಚುಚ್ಚಿತು. ಅಂದಿನಿಂದ ಹೊಸ ಹುರಿ ಹಾಕುವ ಮೊದಲು ಪ್ರತಿ ತೂತನ್ನೂ, ತಗಡಿನ ತೂತುಗಳನ್ನೂ ಸೇರಿಸಿ, ನಯವಾದ ಉಪ್ಪುಕಾಗದವನ್ನು ಸುರುಳಿ ಸುತ್ತಿ ಉಜ್ಜಿಕೊಳ್ಳುತ್ತೇನೆ. ಐದು ನಿಮಿಷದ ಕೆಲಸ.

ಎರಡನೆಯದು ಪ್ಲಾಸ್ಟಿಕ್ ಪಟ್ಟಿ. ಡ್ರಮ್ ಹೆಡ್ಡುಗಳನ್ನು ಮಾಡುವ ಮೈಲಾರ್ ಹಾಳೆ ಎಂದರೆ ಪಾಲಿಯೆಸ್ಟರೇ. ಹಾಗಾಗಿ ಸವೆದುಹೋದ ಮೇಲಿನ ಹೆಡ್ಡನ್ನು ಎಸೆಯದೆ ಇಟ್ಟುಕೊಂಡರೆ, ಪೆಟ್ಟು ಬೀಳದ ಅಂಚಿನ ಭಾಗದಿಂದ ಒಳ್ಳೆಯ ಪಟ್ಟಿಗಳನ್ನು ಕತ್ತರಿಸಿಕೊಳ್ಳಬಹುದು. ಅಗಲವನ್ನು ತಗಡಿನ ಸೀಳಿಗೆ ಹೊಂದಿಸಿ, ಉಕ್ಕಿನ ಅಳತೆಪಟ್ಟಿಯನ್ನು ಆನಿಸಿಕೊಂಡು ಹೊಸ ಬ್ಲೇಡಿನಿಂದ ಒಂದೇ ಎಳೆತದಲ್ಲಿ ಕತ್ತರಿಸಿ. ಕತ್ತರಿಯ ಬಾಯಿ ಅಂಚಿನಲ್ಲಿ ಬಿಡುವ ಸಣ್ಣ ಕಚ್ಚಿನಿಂದಲೇ ಪಟ್ಟಿ ಮುಂದೆ ಸೀಳತೊಡಗುತ್ತದೆ. ಚಪ್ಪಟೆಯಾದ್ದರಿಂದ ಪಟ್ಟಿ ಒತ್ತಡವನ್ನು ಹೆಡ್ಡಿನ ಮೇಲೆ ಹಂಚಿಬಿಡುತ್ತದೆ, ತಗಡು ಓರೆಯಾಗದಂತೆಯೂ ನೋಡಿಕೊಳ್ಳುತ್ತದೆ. ಆದರೆ ನುಣುಪಾದ್ದರಿಂದ ಕ್ಲ್ಯಾಂಪಿನಲ್ಲಿ ಜಾರುವ ಸ್ವಭಾವವಿದೆ. ಕ್ಲ್ಯಾಂಪ್ ಹಿಡಿಯುವ ಭಾಗವನ್ನು ಉಪ್ಪುಕಾಗದದಿಂದ ಒರಟು ಮಾಡಿಕೊಂಡರೆ ಹಿಡಿತ ಬರುತ್ತದೆ. ತಿರುಪು ಕಚ್ಚುವಲ್ಲಿ ಮಡಿಕೆ ಬಿದ್ದು ಬೆಳ್ಳಗಾಗಿದ್ದರೆ ಆ ಪಟ್ಟಿಯ ಆಯುಸ್ಸು ಮುಗಿಯುತ್ತಾ ಬಂದಿದೆ ಎಂದು ತಿಳಿದು ಬದಲಾಯಿಸಿ.

ಮೂರನೆಯದು ಅಡ್ಡಗೆರೆಗಳ ಒರಟು ನೇಯ್ಗೆಯ ಗ್ರೋಗ್ರೇನ್ ರಿಬ್ಬನ್. ಕ್ಲ್ಯಾಂಪ್ ಇರುವ ಡ್ರಮ್ಮಿಗೆ ನನ್ನ ಮೊದಲ ಆಯ್ಕೆ ಇದೇ. ಅದು ಪಟ್ಟಿಯಂತೆ ಚಪ್ಪಟೆ, ಹುರಿಯಂತೆ ಮೆದು. ಅಂಚಿನ ತಗ್ಗಿಗೆ ತಕ್ಕಂತೆ ಬಾಗುತ್ತದೆ, ಅಡ್ಡಗೆರೆಗಳಿಂದಾಗಿ ಜಾರುವುದಿಲ್ಲ. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ದೊರೆಯುತ್ತದೆ. ಪಾಲಿಯೆಸ್ಟರಿನದೇ ಎಂದು ಕೇಳಿ ಪಡೆಯಿರಿ, ಪಕ್ಕದಲ್ಲೇ ಇಟ್ಟಿರುವ ಹೊಳಪಿನ ಸ್ಯಾಟಿನ್ ರಿಬ್ಬನ್ ಬೇಡ, ಅದು ತೆಳುವೂ ಹೌದು, ಜಾರುವುದೂ ಹೌದು. ಕತ್ತರಿಸಿದ ತುದಿಯನ್ನು ಮೇಣದಬತ್ತಿಯ ಜ್ವಾಲೆಗೆ ಕ್ಷಣಕಾಲ ಹಿಡಿದರೆ ನೂಲು ಕರಗಿ ಕೂಡಿಕೊಂಡು ಬಿಚ್ಚದಂತಾಗುತ್ತದೆ.

ಗಾಳದ ದಾರ, ಹತ್ತಿಯ ದಾರ, ಚರ್ಮದ ಪಟ್ಟಿ, ಲೋಹದ ತಂತಿ ಇವುಗಳನ್ನು ತುರ್ತಿಗೂ ಬಳಸದಿರುವುದು ಲೇಸು. ಗಾಳದ ದಾರ ಹಿಗ್ಗುತ್ತದೆ, ಅದರ ಗಂಟು ನಿಲ್ಲುವುದಿಲ್ಲ. ಹತ್ತಿಯೂ ಚರ್ಮವೂ ಹವೆಗೆ ತಕ್ಕಂತೆ ಬದಲಾಗುತ್ತವೆ. ತಂತಿ ತೆಳುವಾದ ಹೆಡ್ಡನ್ನು ಅಂಚಿನಲ್ಲಿ ಕೊಯ್ಯುತ್ತದೆ. ಕೇಬಲ್ಲಿಗೆಂದೇ ಮಾಡಿದ ಸ್ಟ್ರೈನರುಗಳ ವಿಷಯ ಮಾತ್ರ ಬೇರೆ.

ಕಟ್ಟುವ ಮೊದಲು ಕೆಳಗಿನ ಹೆಡ್ಡನ್ನು ಶ್ರುತಿ ಮಾಡಿ ಮುಗಿಸಿರಬೇಕು. ಹುರಿಯಾದರೆ ಪ್ರತಿ ಬದಿಗೆ ಸುಮಾರು 30 ಸೆಂ.ಮೀ., ಪಟ್ಟಿ ಅಥವಾ ರಿಬ್ಬನ್ನಾದರೆ ಅದರ ಅರ್ಧದಷ್ಟು ಕತ್ತರಿಸಿಕೊಳ್ಳಿ, ಹೆಚ್ಚಾದದ್ದನ್ನು ಕೊನೆಯಲ್ಲಿ ತೆಗೆಯಬಹುದು. ತಗಡಿನ ಉಬ್ಬಿದ ಬದಿ ಹೆಡ್ಡಿನಿಂದ ಆಚೆಗಿರುವಂತೆ, ತಂತಿಗಳು ಹೆಡ್ಡಿಗೆ ತಾಗುವಂತೆ ವೈರನ್ನು ಮಲಗಿಸಿ. ಲಿವರನ್ನು ಹಾಕಿದ, ಅಂದರೆ ವೈರು ಹೆಡ್ಡಿಗೆ ತಾಗುವ ಸ್ಥಿತಿಯಲ್ಲಿಟ್ಟು, ಬಿಗಿ ಹೊಂದಿಸುವ ಗುಬ್ಬಿಯನ್ನು ಬಹುಪಾಲು ಸಡಿಲಿಸಿ. ಹೀಗೆ ಮಾಡದಿದ್ದರೆ ಮುಂದೆ ಬಿಗಿ ಮಾಡಲು ತಿರುಪಿನಲ್ಲಿ ಜಾಗವೇ ಉಳಿಯುವುದಿಲ್ಲ. ಮೊದಲು ಬಟ್ ಪ್ಲೇಟಿನ ಬದಿಯನ್ನು ಕಟ್ಟಿ, ಎರಡೂ ತಗಡುಗಳು ಶೆಲ್ಲಿನ ಅಂಚಿನಿಂದ ಒಂದೇ ದೂರದಲ್ಲಿವೆಯೇ ಎಂದು ಅಳತೆಪಟ್ಟಿ ಹಿಡಿದೇ ನೋಡಿ, ಕಣ್ಣಳತೆಯನ್ನು ನಂಬಬೇಡಿ. ಅನಂತರ ಸ್ಟ್ರೈನರಿನ ಬದಿಯನ್ನು ಕೈಯಲ್ಲಿ ನಿಧಾನವಾಗಿ, ನೇರವಾಗಿ ಎಳೆದು ಹಿಡಿದು, ಎರಡು ತಿರುಪುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಪಟ್ಟಿ ಆ ಕಡೆಗೆ ತಿರುಚಿಕೊಳ್ಳುತ್ತದೆ.

ಈಗ ಡ್ರಮ್ಮನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಂದಿನಿಂದ ಬೆಳಕು ಬರುವಂತೆ ಹಿಡಿಯಿರಿ. ತಂತಿಗೂ ಹೆಡ್ಡಿಗೂ ನಡುವೆ ಒಂದು ಬದಿಯಲ್ಲಿ ಮಾತ್ರ ಬೆಳಕಿನ ಗೆರೆ ಕಂಡರೆ ಆ ಬದಿಯ ಎಳೆತ ಕಡಿಮೆ ಎಂದರ್ಥ. ಬಿಚ್ಚಿ ಮತ್ತೆ ಕಟ್ಟಬೇಕು, ಗುಬ್ಬಿ ತಿರುಗಿಸಿ ಅದನ್ನು ಸರಿಪಡಿಸಲಾಗದು. ಒಂದೇ ಒಂದು ಎಳೆ ಜೋಲುತ್ತಿದ್ದರೆ ದೋಷ ವೈರಿನದು, ಹುರಿಯದಲ್ಲ. ಗೆರೆ ಎಲ್ಲೂ ಕಾಣದಿದ್ದಾಗ ಮೇಲಿನ ಹೆಡ್ಡಿನ ಅಂಚಿನ ಬಳಿ ಬೆರಳ ತುದಿಯಿಂದ ಮೆಲ್ಲಗೆ ತಟ್ಟುತ್ತಾ ಗುಬ್ಬಿಯನ್ನು ಕಾಲು ಸುತ್ತಿನಂತೆ ಬಿಗಿ ಮಾಡಿ, ಅಷ್ಟು ಮೆಲುವಾದ ಪೆಟ್ಟಿಗೂ ತಂತಿಗಳು ಸ್ಪಷ್ಟವಾಗಿ ಉತ್ತರ ಕೊಡುವಲ್ಲಿ ನಿಲ್ಲಿಸಿ. ಹೊಸ ರಿಬ್ಬನ್ನಾಗಲಿ ಹುರಿಯಾಗಲಿ ಮೊದಲ ಎರಡು ಮೂರು ಅಭ್ಯಾಸಗಳಲ್ಲಿ ತುಸು ಕೂತುಕೊಳ್ಳುತ್ತದೆ. ಆಮೇಲೆ ಒಮ್ಮೆ ಅಳತೆ ನೋಡಿ ಸರಿಪಡಿಸಿಕೊಂಡ ನಂತರವೇ ಹೊರಚಾಚಿದ ತುದಿಗಳನ್ನು ಕತ್ತರಿಸಿ, ಅದೇ ರಿಬ್ಬನ್ನಿನ ಎರಡು ತುಂಡುಗಳನ್ನು ತಿರುಪು ಬಿಗಿಯುವ ಡ್ರಮ್ ಕೀ ಜೊತೆ ಕೋಲಿನ ಚೀಲದಲ್ಲಿ ಇಟ್ಟುಕೊಳ್ಳಿ.