ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದೀರಾ? ಕಾರು ರಿಪೇರಿ ಬಗ್ಗೆ ಮೊದಲೇ ತಿಳಿದುಕೊಳ್ಳಿ

ರಜೆಗೆ ಊರಿಗೆ ಬಂದಾಗಲೆಲ್ಲ ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಧಾರವಾಡದ ಸಪ್ತಾಪುರದಲ್ಲೋ ಅಮೆರಿಕಕ್ಕೆ ಹೊರಟ ಹುಡುಗ ಹುಡುಗಿಯರು ಸಿಗುತ್ತಾರೆ. ವೀಸಾ, ಬಾಡಿಗೆ ಮನೆ ಎಲ್ಲ ಕೇಳುತ್ತಾರೆ. ಹಳೇ ಕಾರು ಕೊಂಡು ಅದು ಕೆಟ್ಟ ಮೇಲೆ ಫೋನ್ ಮಾಡುತ್ತಾರೆ: "ಅಣ್ಣಾ, ಬರೀ ನೋಡಾಕ ಇಷ್ಟ ರೊಕ್ಕಾ?"

ಗೋಕುಲ ರೋಡಿನ ಗ್ಯಾರೇಜಿನಲ್ಲಿ ಮಿಸ್ತ್ರಿ ಬಾನೆಟ್ ಎತ್ತಿ ನೋಡಿದ್ದಕ್ಕೆ ನಾವು ಬೇರೆ ದುಡ್ಡು ಕೊಟ್ಟು ಗೊತ್ತಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಏನು ಕೆಟ್ಟಿದೆ ಅಂತ ಹುಡುಕುವುದಕ್ಕೇ ಡಯಾಗ್ನೋಸ್ಟಿಕ್ ಫೀ ಇರುತ್ತದೆ, ನೂರು ಡಾಲರ್ ದಾಟುವುದು ಮಾಮೂಲು. ಅದನ್ನು ಕೇಳಿದ ಮಾತ್ರಕ್ಕೆ ಗ್ಯಾರೇಜಿನವನು ಕಳ್ಳ ಅಂದುಕೊಳ್ಳಬೇಡಿ. ಆದರೆ ಆ ದುಡ್ಡಿಗೆ ಯಾವ ಯಾವ ಟೆಸ್ಟ್ ಮಾಡುತ್ತಾನೆ, ರಿಪೇರಿ ಅಲ್ಲೇ ಮಾಡಿಸಿದರೆ ಬಿಲ್ಲಿನಲ್ಲಿ ಕಳೆಯುತ್ತಾನಾ, ಇಷ್ಟನ್ನು ಕೀಲಿ ಕೊಡುವ ಮೊದಲೇ ಬರೆಸಿಕೊಳ್ಳಿ.

ಜಾಸ್ತಿ ಮೋಸ ಆಗುವುದು ಚೆಕ್ ಎಂಜಿನ್ ಲೈಟಿನಲ್ಲಿ, ಅಂದರೆ ಎಂಜಿನ್ನಿನಲ್ಲಿ ಏನೋ ತೊಂದರೆ ಇದೆ ಅಂತ ಡ್ಯಾಶ್‌ಬೋರ್ಡಿನಲ್ಲಿ ಹತ್ತುವ ದೀಪದಲ್ಲಿ. ಗದಗಿನ ಒಬ್ಬ ಹುಡುಗನಿಗೆ ಫೀ ತಗೊಂಡು, ಕಾರಿನ ಕಂಪ್ಯೂಟರ್ ತೋರಿಸುವ ಪಿ0420 ಅನ್ನುವ ಕೋಡ್ ಮಾತ್ರ ಓದಿ, ಕ್ಯಾಟಲಿಟಿಕ್ ಕನ್ವರ್ಟರ್ (ಎಂಜಿನ್ನಿನ ಹೊಗೆ ಶುದ್ಧ ಮಾಡುವ ಭಾಗ) ಹೋಗಿದೆ, ಎರಡು ಸಾವಿರ ಡಾಲರ್ ಅಂದರು. ಆ ಕೋಡ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಅನುಮಾನ ಅಷ್ಟೇ. ಎಕ್ಸಾಸ್ಟ್ ಲೀಕ್ ಇದ್ದರೂ ಬರುತ್ತದೆ, ಆಕ್ಸಿಜನ್ ಸೆನ್ಸರ್ ಕೆಟ್ಟರೂ ಬರುತ್ತದೆ. ಇವೆರಡನ್ನೂ ನೋಡಿದಿರಾ ಅಂತ ಕೇಳಿದರೆ ಉತ್ತರವೇ ಇರಲಿಲ್ಲ. ಇನ್ನೊಂದು ವಿಷಯ, ಕನ್ವರ್ಟರಿಗೆ ಅಲ್ಲಿನ ಕೇಂದ್ರ ಕಾನೂನಿನಂತೆ 8 ವರ್ಷ ಅಥವಾ 80,000 ಮೈಲಿ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿವರೆಗೆ ವಾರಂಟಿ ಇದೆ. ಇದನ್ನು ಆ ಗ್ಯಾರೇಜಿನವರು ಹೇಳಲೇ ಇಲ್ಲ. 1996ರಿಂದ ಈಚಿನ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ ಓಬಿಡಿ ಪೋರ್ಟ್, ಅಂದರೆ ಈ ಕೋಡ್ ಓದಲು ಸ್ಕ್ಯಾನರ್ ಸಿಕ್ಕಿಸುವ ಜಾಗ ಇರುತ್ತದೆ. ಇಪ್ಪತ್ತು ಮೂವತ್ತು ಡಾಲರಿನ ಸ್ಕ್ಯಾನರ್ ತಗೊಂಡು ಕೋಡ್ ನೀವೇ ಓದಿಕೊಂಡು ಹೋಗಿ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲ ಇದ್ದರೂ ಲೈಟ್ ಹತ್ತುತ್ತದೆ, ಅದನ್ನೂ ಮೊದಲು ನೋಡಿ.

ಕ್ಯಾಲಿಫೋರ್ನಿಯಾದ ಕಾನೂನು ನಿಮ್ಮ ಪರವಾಗಿದೆ. ಬೇರೆ ರಾಜ್ಯಕ್ಕೆ ಹೋಗುವವರು ಅಲ್ಲಿನ ನಿಯಮ ವಿಚಾರಿಸಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಗ್ಯಾರೇಜಿನವರು ಎಸ್ಟಿಮೇಟ್ ಬರವಣಿಗೆಯಲ್ಲಿ ಕೊಡಬೇಕು, ನೀವು ಒಪ್ಪದೆ ಅದನ್ನು ಮೀರಿ ಬಿಲ್ ಮಾಡುವಂತಿಲ್ಲ. ಎಂಜಿನ್ ಬಿಚ್ಚಿ ನೋಡಬೇಕು ಅಂದರೆ, ರಿಪೇರಿ ಬೇಡ ಅಂದಾಗ ಮತ್ತೆ ಜೋಡಿಸುವ ಖರ್ಚನ್ನೂ ಮೊದಲೇ ಬರೆಯಬೇಕು. ಬಿಚ್ಚಿದ ಹಳೇ ಪಾರ್ಟು ಬೇಕು ಅಂತ ಗಾಡಿ ಬಿಡುವಾಗಲೇ ಹೇಳಿ. ಸಂಕೋಚ ಪಡಬೇಡಿ, ನಮ್ಮವರು ಸೋಲುವುದೇ ಇಲ್ಲಿ.

ಇಷ್ಟಾದರೂ ಜಗಳ ಆಯಿತು ಅಂದುಕೊಳ್ಳಿ. ನೀವು ಒಪ್ಪಿದ ಕೆಲಸದ ಬಿಲ್ ಕಟ್ಟುವವರೆಗೆ ಗಾಡಿ ಹಿಡಿದಿಡುವ ಹಕ್ಕು ಗ್ಯಾರೇಜಿಗೆ ಇದೆ. ಕೌಂಟರಿನಲ್ಲಿ ಕೂಗಾಡಿ ಉಪಯೋಗವಿಲ್ಲ. ಬಿಲ್ಲಿನ ಮೇಲೆ ತಕರಾರಿದೆ ಅಂತ ಬರೆದು, ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ ಗಾಡಿ ಬಿಡಿಸಿಕೊಳ್ಳಿ. ಒಪ್ಪದ ಕೆಲಸಕ್ಕೆ ದುಡ್ಡು ಹಾಕಿದ್ದರೆ, ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸಿದ 60 ದಿನದೊಳಗೆ ತಲುಪುವಂತೆ ಬ್ಯಾಂಕಿಗೆ ಬರೆದುಕೊಡಿ. ಬ್ಯೂರೋ ಆಫ್ ಆಟೊಮೋಟಿವ್ ರಿಪೇರ್ ಅನ್ನುವ ಸರ್ಕಾರಿ ಕಚೇರಿಗೆ ದೂರು ಕೊಡಿ, ಫೀ ಇಲ್ಲ. ಅವರು ಗ್ಯಾರೇಜಿನವರ ಜೊತೆ ಮಾತಾಡಿ ಬಗೆಹರಿಸಲು ನೋಡುತ್ತಾರೆ. ದುಡ್ಡು ವಾಪಸ್ ಕೊಡಿಸಲೇಬೇಕು ಅಂತ ಆದೇಶ ಮಾಡಲು ಅವರಿಗೆ ಆಗದು. ಅದಕ್ಕೆ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಇದೆ. 12,500 ಡಾಲರ್‌ವರೆಗಿನ ದಾವೆಯನ್ನು ವಕೀಲರಿಲ್ಲದೆ ನೀವೇ ಹಾಕಬಹುದು. ಎಸ್ಟಿಮೇಟ್, ಬಿಲ್, ಫೋನಿಗೆ ಬಂದ ಮೆಸೇಜು, ಎಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗಿ.