ಸಿಮೆಂಟ್ ಕಿತ್ತ ಮೇಲೆ ಒಣಗಿದ ಗೋಡೆ

ಮೊನ್ನೆ ಭಾನುವಾರ ಕೊನೆಯ ಕೋಣೆಗೂ ಸುಣ್ಣ ಬಳಿದು ಮುಗಿಸಿದೆ. ಮಧ್ಯ ಫ್ರಾನ್ಸಿನ ಕ್ರೂಜ್‌ನಲ್ಲಿರುವ ಈ ಹಳೇ ಗ್ರಾನೈಟ್ ಮನೆ ಕೊಂಡಾಗ ಬೆಲೆ ಸುಮಾರು 30 ಸಾವಿರ ಯೂರೋ. ರಿಪೇರಿಗೆ ಅದರ ಒಂದೂವರೆ ಪಟ್ಟು ಹೋಗಿರಬೇಕು. ಲೆಕ್ಕದ ಪುಸ್ತಕ ಹೆಂಡತಿ ಬಚ್ಚಿಟ್ಟಿದ್ದಾಳೆ.

ದೊಡ್ಡ ತಲೆನೋವು ತೇವ. ಎರಡಡಿ ದಪ್ಪದ ಗೋಡೆ, ಕಲ್ಲುಗಳ ನಡುವೆ ಮಣ್ಣಿಟ್ಟು ಕಟ್ಟಿದ್ದು. ಹಿಂದಿನವರು ಹೊರಮೈಗೆಲ್ಲ ಸಿಮೆಂಟ್ ಮೆತ್ತಿಸಿದ್ದರು. ನಾನೂ ಜಾಣತನ ಮಾಡಿ ಒಳಗಡೆ ಜಿಪ್ಸಮ್ ಬೋರ್ಡ್ ಹೊಡೆಸಿದೆ. ಎರಡನೇ ಚಳಿಗಾಲಕ್ಕೆ ಬೀರುವಿನಲ್ಲಿದ್ದ ಚಪ್ಪಲಿಗೆ ಹಸಿರು ಬೂಷ್ಟು. ಬೋರ್ಡ್ ಬಿಚ್ಚಿದರೆ ಹಿಂದೆ ಅಣಬೆ! 3 ಸಾವಿರ ಯೂರೋ ತಿಪ್ಪೆಗೆ. ಗೋಡೆಗೆ ತೂತು ಕೊರೆದು ಕೆಮಿಕಲ್ ತುಂಬಿಸಲು ಒಬ್ಬ ಕಂಟ್ರಾಕ್ಟರ್ 8 ಸಾವಿರ ಕೇಳಿದ. ಬೇಡ ಅಂದೆ.

ಗೋಡೆಯ ತೇವ ಹೊರಹೋಗಲು ಬಿಡದ ಸಿಮೆಂಟನ್ನೇ ಕೀಳುತ್ತೇನೆ ಅಂದಾಗ ಪಕ್ಕದ ಹೊಲದ ಯಜಮಾನರು ನಕ್ಕರು. ಬಾಡಿಗೆಗೆ ತಂದ ಬ್ರೇಕರ್ ಮೊದಲ ದಿನವೇ ಕಲ್ಲುಗಳನ್ನೂ ಸಡಿಲ ಮಾಡಿತು. ವಾಪಸ್ ಕೊಟ್ಟು ಉಳಿ, ಸುತ್ತಿಗೆ ಹಿಡಿದೆ. ಎರಡು ತಿಂಗಳು. ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಒಂದಡಿ ಮೇಲಿತ್ತು, ಅದನ್ನೂ ತೆಗೆಸಿದೆ. ಅಡಿಪಾಯ ಅನ್ನುವಂಥದ್ದೇ ಇಲ್ಲದ ಮನೆ, ಹಾಗಾಗಿ ನೀರಿನ ಕಾಲುವೆಯನ್ನು ಗೋಡೆಯಿಂದ ಒಂದೂವರೆ ಮೀಟರ್ ದೂರದಲ್ಲಿ ತೋಡಿದೆ. ಕಲ್ಲಿನ ಸಂದುಗಳಿಗೆ ಎನ್‌ಎಚ್‌ಎಲ್ 3.5 ಅನ್ನುವ, ನೀರು ಸೇರಿದರೆ ಗಟ್ಟಿಯಾಗುವ ಸುಣ್ಣ, ಒಂದಕ್ಕೆ ಎರಡೂವರೆ ಪಾಲು ಮರಳು. ಅಕ್ಟೋಬರ್ ಕೊನೆಯಲ್ಲಿ ಆತುರಪಟ್ಟು ಮುಗಿಸಿದ ಉತ್ತರದ ಗೋಡೆ ಇಬ್ಬನಿ ಹೆಪ್ಪುಗಟ್ಟುವ ಚಳಿಗೆ ಸಕ್ಕರೆಯಂತೆ ಉದುರಿತು. ಏಪ್ರಿಲ್‌ವರೆಗೆ ಕಾಯಬೇಕಿತ್ತು, ಕಾಯಲಿಲ್ಲ.

ನಡುವೆ ಒಂದು ಹುಚ್ಚು. ನಮ್ಮ ಕಡೆ ಹಳೇ ಮನೆಗಳ ಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಹಾಕುತ್ತಿದ್ದರು ಅಲ್ವಾ? ಪ್ಯಾರಿಸ್‌ನ ಅಂಗಡಿಯಿಂದ ಬೆಲ್ಲ ತಂದು ಹಂದಿಗೂಡಿನ ಗೋಡೆಗೆ ಸುಮ್ನೆ ಪ್ರಯೋಗ ಮಾಡಿದೆ. ಗಾರೆ ಚೆನ್ನಾಗಿಯೇ ಕೂತಿದೆ. ಆದರೆ ಒಂದು ವಾರ ಅಲ್ಲಿ ಕಣಜಗಳ ಜಾತ್ರೆ, ನನಗೆ ಎರಡು ಕಡೆ ಕುಟುಕು.

ಒಳಗೆ ಮೊದಲ ಕೋಟ್ ಸುಣ್ಣ ಮತ್ತು ಹೆಂಪ್ ಅನ್ನುವ ನಾರಿನ ಗಿಡದ ದಂಟಿನ ಚೂರು. ಕೊನೇ ಕೋಟ್‌ಗೆ ಏನು ಬೆರೆಸಿದೆ ಅಂತ ಮಾತ್ರ ಈಗ ಹೇಳಲ್ಲ. ಮನೆಯೊಳಗಿನ ಗಾಳಿಯ ತೇವಾಂಶ ಚಳಿಗಾಲದಲ್ಲಿ ಶೇಕಡಾ 85 ದಾಟುತ್ತಿತ್ತು, ಈ ಫೆಬ್ರವರಿಯಲ್ಲಿ 60ರ ಆಸುಪಾಸು.

ಹೋದ ವಾರ ಯಜಮಾನರು ಬಂದು ಗೋಡೆಗೆ ಅಂಗೈ ಒತ್ತಿ ನೋಡಿದರು. ಮಾತಿಲ್ಲ. ಹೊರಡುವಾಗ, ತಮ್ಮ ಕೊಟ್ಟಿಗೆಗೆ ಎಷ್ಟು ಚೀಲ ಸುಣ್ಣ ಬೇಕಾದೀತು ಅಂದರು. ನನಗೆ 35 ಕಿಲೋದ ಚೀಲ ನೂರರ ಹತ್ತಿರ ಹಿಡಿಯಿತು, ಒಂದಕ್ಕೆ 14-15 ಯೂರೋ ಅಂತ ಹೇಳಿದೆ. ಬೆಲ್ಲ ಮಾತ್ರ ಬೇಡ ಅಂದೆ.