ದನಗಾವಲಿನ ಸ್ಟೇಷನ್ನಿನಲ್ಲಿ ತಂಗುವ ಮುನ್ನ: ಆಸ್ಟ್ರೇಲಿಯಾದ ಒಳನಾಡಿಗೆ ಕ್ಯಾರವಾನ್ ಒಯ್ಯುವ ಕನ್ನಡಿಗರಿಗೆ

ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಸಿರುವ ನಮ್ಮವರು ಮಕ್ಕಳ ರಜೆಯಲ್ಲಿ ಕಾರಿಗೆ ಕ್ಯಾರವಾನ್ ಎಂಬ ಗಾಲಿಮನೆಯನ್ನು ಕಟ್ಟಿಕೊಂಡು ಔಟ್‌ಬ್ಯಾಕ್ ಎನ್ನುವ ಒಳನಾಡಿನ ಕಡೆಗೆ ಹೊರಡುವುದಾದರೆ, ಅಲ್ಲಿ ಹೇಳುವವರು ಕೇಳುವವರು ಇಲ್ಲದ ಬಯಲಿನಂತೆ ಕಾಣುವ ನೆಲವೂ ಯಾರದೋ ಸುಪರ್ದಿನಲ್ಲಿರುತ್ತದೆ ಎಂಬುದನ್ನು ಮೊದಲು ತಿಳಿದಿರಬೇಕು. ಅಲ್ಲಿ ಸ್ಟೇಷನ್ ಎಂದರೆ ದನ ಅಥವಾ ಕುರಿಗಳನ್ನು ಮಂದೆಯಾಗಿ ಮೇಯಿಸುವ ವಿಶಾಲ ಭೂಮಿ. ಇಂಥ ಭೂಮಿಯಲ್ಲಿ ಹೆಚ್ಚಿನದು ಸರ್ಕಾರದಿಂದ ದೀರ್ಘಾವಧಿಗೆ ಪಡೆದ ಗುತ್ತಿಗೆ. ಈ ಗುತ್ತಿಗೆಯಿಂದಾಗಿ ಮೂಲನಿವಾಸಿಗಳ ಭೂಹಕ್ಕು ತಾನಾಗಿಯೇ ಅಳಿದುಹೋಗುವುದಿಲ್ಲ ಎಂದು ಆ ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟು 1996ರ ವಿಕ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಮೂಲನಿವಾಸಿಗಳ ಸ್ವಂತ ಒಡೆತನದ ಪ್ರದೇಶಗಳ ಮಾತು ಬೇರೆ. ಅವುಗಳ ಮೂಲಕ ಹಾಯ್ದುಹೋಗುವ ಗ್ರೇಟ್ ಸೆಂಟ್ರಲ್ ರೋಡ್‌ನಂಥ ದಾರಿಗಳಿಗೆ ಮುಂಚಿತವಾಗಿ ಪರವಾನಗಿ ಪಡೆದಿರಬೇಕು.

ಮೊದಲ ಬಾರಿಗೆ ಹೋಗುವವರಿಗೆ ನಾನು ಸೂಚಿಸುವುದು ದೇಶದ ನಡುಭಾಗದಲ್ಲಿರುವ ಉಲುರು ಎಂಬ ಹೆಬ್ಬಂಡೆಯಿಂದ ಪೂರ್ವಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ, ಲಾಸೆಟರ್ ಹೆದ್ದಾರಿಯ ಪಕ್ಕದಲ್ಲೇ ಇರುವ ಕರ್ಟಿನ್ ಸ್ಪ್ರಿಂಗ್ಸ್ ಸ್ಟೇಷನ್. ಅಲ್ಲಿಯವರೆಗೂ ಡಾಂಬರು ರಸ್ತೆಯಿದೆ. 1956ರಿಂದ ಸೆವೆರಿನ್ ಕುಟುಂಬ ನಡೆಸಿಕೊಂಡು ಬಂದಿರುವ ಈ ಸ್ಟೇಷನ್ನಿನ ವಿಸ್ತೀರ್ಣ ನಾಲ್ಕು ಲಕ್ಷ ಹೆಕ್ಟೇರಿಗೂ ಹೆಚ್ಚು, ಅಂದರೆ ಹೆಚ್ಚುಕಡಿಮೆ ನಮ್ಮ ಇಡೀ ಕೊಡಗು ಜಿಲ್ಲೆಯಷ್ಟು. ದೂರದಿಂದ ಉಲುರುವೆಂದೇ ಅನೇಕರು ಭ್ರಮಿಸುವ, ನೆತ್ತಿ ಚಪ್ಪಟೆಯಾದ ಮೌಂಟ್ ಕಾನರ್ ಬೆಟ್ಟ ಇದರ ಎಲ್ಲೆಯೊಳಗೇ ಇದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಡರ್ಬಿಯಿಂದ ಕುನನುರಾ ಕಡೆಗೆ ಸುಮಾರು 660 ಕಿಲೋಮೀಟರ್ ಸಾಗುವ ಗಿಬ್ ರಿವರ್ ರಸ್ತೆಯ ಸ್ಟೇಷನ್ನುಗಳು ಇನ್ನೂ ಸುಂದರವಾಗಿವೆಯಾದರೂ ಆ ರಸ್ತೆಯ ಬಹುಭಾಗ ಮಣ್ಣಿನದು. ಅನುಭವ ಬಂದ ಮೇಲೆ ಹೋಗುವುದು ಒಳ್ಳೆಯದು.

ಬಾಡಿಗೆ ವಾಹನ ಪಡೆಯುವವರು ಕರಾರುಪತ್ರವನ್ನು ಕೊನೆಯ ಪುಟದವರೆಗೂ ಓದಬೇಕು, ಏಕೆಂದರೆ ಮಣ್ಣಿನ ರಸ್ತೆಗೆ ಇಳಿದ ಕ್ಷಣವೇ ವಿಮೆ ಅನ್ವಯವಾಗದಂತೆ ಮಾಡುವ ಷರತ್ತು ಅನೇಕ ಕರಾರುಗಳಲ್ಲಿರುತ್ತದೆ. ಸ್ವಂತ ಕ್ಯಾರವಾನ್ ಇದ್ದವರು ನೀರು, ಗ್ಯಾಸು, ಅಕ್ಕಿ, ಬೇಳೆಗಳನ್ನೆಲ್ಲ ತುಂಬಿದ ಮೇಲೆ ಅದನ್ನೊಮ್ಮೆ ತೂಕ ಮಾಡಿಸಬೇಕು; ತುಂಬಿದ ತೂಕ 2 ಟನ್ ಮೀರುವುದಾದರೆ ಎಲ್ಲ ಗಾಲಿಗಳಿಗೂ ಬ್ರೇಕು, ಕಾರಿನಿಂದ ಕೊಂಡಿ ಕಳಚಿದರೆ ತಾನಾಗಿಯೇ ಬ್ರೇಕು ಹಿಡಿಯುವ ಸಾಧನ ಎರಡೂ ಕಡ್ಡಾಯ. ಮಣ್ಣಿನ ರಸ್ತೆಯ ಮೇಲೆ ಒಗೆಯುವ ಹಲಗೆಯಂತೆ ಸಾಲುಸಾಲಾಗಿ ಏಳುವ ಗೀರುಗಳನ್ನು ಅಲ್ಲಿ ಕಾರಗೇಷನ್ ಎನ್ನುತ್ತಾರೆ. ನಮ್ಮ ಮೊದಲ ಪ್ರಯಾಣದಲ್ಲಿ ಆ ನಡುಕಕ್ಕೆ ಅಡುಗೆಯ ಕಪಾಟಿನ ಚಿಲಕ ಸಡಿಲಗೊಂಡು, ಊರಿನಿಂದ ತಂದಿದ್ದ ಸಾರಿನ ಪುಡಿಯ ಡಬ್ಬಿ ಕೆಳಗೆ ಬಿದ್ದು, ಸಂದಿಗಳಿಂದ ನುಗ್ಗಿದ ಕೆಂಧೂಳಿನೊಡನೆ ಒಂದಾಗಿಹೋಯಿತು. ಯಾವುದು ಪುಡಿ, ಯಾವುದು ಮಣ್ಣು ಎಂದು ಕಣ್ಣಿಗೆ ತಿಳಿಯುವಂತಿರಲಿಲ್ಲ. ಟಯರಿನ ಗಾಳಿಯನ್ನು ಸ್ವಲ್ಪ ಇಳಿಸಿ ನಿಧಾನವಾಗಿ ಹೋಗಬೇಕೆಂಬುದನ್ನು ಆಗ ಕಲಿತೆವು.

ಅಡುಗೆ ಸಾಮಾನಿನ ವಿಷಯದಲ್ಲಿ ಇನ್ನೊಂದು ಎಚ್ಚರವಿರಲಿ. ಪಶ್ಚಿಮ ಆಸ್ಟ್ರೇಲಿಯಾದ ಗಡಿಯಲ್ಲಿ, ಉದಾಹರಣೆಗೆ ಕುನನುರಾ ಬಳಿಯ ತಪಾಸಣಾ ಠಾಣೆಯಲ್ಲಿ, ಹಣ್ಣು, ತರಕಾರಿ, ಜೇನುತುಪ್ಪ, ಬಿತ್ತನೆಯ ಬೀಜಗಳನ್ನು ಪರೀಕ್ಷಿಸಿ ವಶಪಡಿಸಿಕೊಳ್ಳುತ್ತಾರೆ. ಆದ್ದರಿಂದ ಗಡಿ ತಲಪುವ ಮೊದಲೇ ತಾಜಾ ಪದಾರ್ಥಗಳನ್ನು ಬಳಸಿ ಮುಗಿಸಬೇಕು. ಸ್ಟೇಷನ್ನಿನ ಊಟದಲ್ಲಿ ಗೋಮಾಂಸವೇ ಪ್ರಧಾನ. ಸಸ್ಯಾಹಾರಿಗಳು ತಮ್ಮ ಅಡುಗೆಯನ್ನು ತಾವೇ ಮಾಡಿಕೊಳ್ಳುವಂತೆ ಸಿದ್ಧರಾಗಿ ಹೋಗಬೇಕು.

ರಸ್ತೆಯಲ್ಲಿ ಎದುರಾಗುವ, ಹಲವು ಟ್ರೈಲರುಗಳನ್ನು ಎಳೆಯುವ ರೋಡ್ ಟ್ರೈನ್ ಲಾರಿಗಳು 53.5 ಮೀಟರ್‌ವರೆಗೂ ಉದ್ದವಿರುತ್ತವೆ. ವಾಹನದಿಂದ ವಾಹನಕ್ಕೆ ಮಾತನಾಡಲು ಬಳಸುವ ಯುಎಚ್ಎಫ್ ರೇಡಿಯೊದ 40ನೆಯ ಚಾನೆಲ್ಲಿನಲ್ಲಿ ಚಾಲಕನನ್ನು ಮಾತನಾಡಿಸಿ, ಮುಂದಿನ ರಸ್ತೆ ಬಹುದೂರ ಖಾಲಿಯಿರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಹಿಂದಿಕ್ಕಬೇಕು. ಅನೇಕ ಕಡೆ ಬೇಲಿಯಿಲ್ಲದ ಕಾರಣ ಸಂಜೆಯಾದ ಮೇಲೆ ದನಗಳೂ ಕಾಂಗರೂಗಳೂ ರಸ್ತೆಗೆ ಬರುತ್ತವೆ; ಕತ್ತಲಾಗುವುದರೊಳಗೆ ಬಿಡಾರ ಸೇರಲೇಬೇಕು. ಮೊಬೈಲ್ ಸಿಗ್ನಲ್ಲನ್ನು ನಂಬಿಕೊಳ್ಳದೆ ಉಪಗ್ರಹ ಫೋನನ್ನೋ ಅಪಾಯಸೂಚಕ ಬೀಕನ್ನನ್ನೋ ಜೊತೆಗಿಟ್ಟುಕೊಳ್ಳಿ. ದೂರದ ಜಾಗಗಳಿಗೆ ವಿಮಾನದಲ್ಲಿ ವೈದ್ಯಕೀಯ ನೆರವು ಒಯ್ಯುವ, 1928ರಲ್ಲಿ ಆರಂಭವಾದ ಫ್ಲೈಯಿಂಗ್ ಡಾಕ್ಟರ್ ಸೇವೆಯ ವಿಮಾನ ನೆರವಿಗೆ ಬರಬೇಕಾದರೂ ನೀವಿರುವ ಜಾಗ ಅವರಿಗೆ ತಿಳಿಯಬೇಕಲ್ಲವೇ?

ಹೊರಡುವ ಹಿಂದಿನ ದಿನವೇ ಸ್ಟೇಷನ್ನಿಗೆ ಫೋನು ಮಾಡಿ, ರಸ್ತೆ ತೆರೆದಿದೆಯೇ, ದನಗಳನ್ನು ಒಟ್ಟುಗೂಡಿಸುವ ಮಸ್ಟರಿಂಗ್ ನಡೆಯುತ್ತಿದೆಯೇ ಎಂದು ಕೇಳಿ. ಮಳೆಗೆ ಮುಚ್ಚಿದ ರಸ್ತೆಯಲ್ಲಿ ವಾಹನ ಓಡಿಸಿದರೆ ದಂಡ ಬೀಳುತ್ತದೆ. ದಾರಿಯಲ್ಲಿ ಸಿಗುವ ಗೇಟನ್ನು ಹೇಗಿತ್ತೋ ಹಾಗೆಯೇ ಬಿಡಬೇಕು. ಮುಚ್ಚಿದ್ದ ಗೇಟನ್ನು ಮುಚ್ಚಬೇಕೆಂಬುದು ಎಲ್ಲರಿಗೂ ಹೊಳೆಯುತ್ತದೆ. ಆದರೆ ತೆರೆದಿದ್ದ ಗೇಟನ್ನು ಒಳ್ಳೆಯ ಮನಸ್ಸಿನಿಂದಲೇ ಮುಚ್ಚಿಬಿಟ್ಟರೆ, ಆಚೆಗಿರುವ ತೊಟ್ಟಿಗೆ ನೀರು ಕುಡಿಯಲು ಹೋಗಬೇಕಾದ ಮಂದೆ ಬೇಲಿಯ ಈಚೆಯೇ ಉಳಿದು ಬಾಯಾರಿ ಸಾಯಬಹುದು. ನೀರಿನ ತೊಟ್ಟಿಯ ಹತ್ತಿರ ಬಿಡಾರ ಹೂಡಬಾರದೆನ್ನುವುದೂ ಇದೇ ಕಾರಣಕ್ಕೆ: ಮನುಷ್ಯರ ಸುಳಿವು ಕಂಡ ದನಗಳು ದೂರದಲ್ಲೇ ನಿಂತುಬಿಡುತ್ತವೆ. ಒಂದು ಸಂಜೆ, ನಾವು ಕ್ಯಾರವಾನನ್ನು ಅಲ್ಲಿಂದ ಸಾಕಷ್ಟು ದೂರಕ್ಕೆ ಸರಿಸಿ ನಿಲ್ಲಿಸಿದ ಮೇಲೆ, ಒಂದು ಹಸು ತನ್ನ ಕರುವಿನೊಡನೆ ಮೆಲ್ಲನೆ ತೊಟ್ಟಿಗೆ ಬಂದು, ತಲೆ ಎತ್ತದೆ ಬಹಳ ಹೊತ್ತು ನೀರು ಕುಡಿಯಿತು.